ಮೊದಲ ತಂಬಿಗೆ ನೀರು

ಹೊಸಪೇಟೆ
ಶ್ರಾವಣದ ಮಂಗಳವಾರ, ಮಧ್ಯಾಹ್ನ

ಹೇಳಿದ ಮಾತನ್ನು ಎಂದೂ ಒಂದೇ ಸಲಕ್ಕೆ ಕೇಳದ ನಮ್ಮ ಮನೆಯವರಿಗೆ ಗಂಗೋತ್ರಿಯ ನಮಸ್ಕಾರಗಳು.

ಈ ಸಲವಾದರೂ ಒಂದೇ ಸಲಕ್ಕೆ ಕೇಳಿ. ಶುಕ್ರವಾರ ಬೆಳಿಗ್ಗೆ ನಿಮ್ಮನ್ನು ಜೈಲಿನ ಆಫೀಸಿಗೆ ಕರೆದು, ಬೇಲಿನ ಬಾಂಡ್ ಮುಂದಿಟ್ಟು, ಸಹಿ ಮಾಡು ಎನ್ನುತ್ತಾರೆ. ಮಾಡಬೇಡಿ. ಹೊಟ್ಟೆನೋವು ಅನ್ನಿ, ತಲೆ ಕೆಟ್ಟಿದೆ ಅನ್ನಿ, ವಕೀಲರ ಮೇಲೆ ನಂಬಿಕೆ ಇಲ್ಲ ಅನ್ನಿ, ಏನು ಬೇಕಾದರೂ ಅನ್ನಿ. ಪೆನ್ನು ಮಾತ್ರ ಮುಟ್ಟಬೇಡಿ. ಬಳ್ಳಾರಿ ಜೈಲಿನಿಂದ ಹೊರಗೆ ಬರಬೇಡಿ.

ಇಷ್ಟು ಓದಿದ ಕೂಡಲೆ ನಿಮ್ಮ ಹುಬ್ಬು ಗಂಟಿಕ್ಕಿದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. ವರ್ಷದ ಮೇಲಾಯಿತು, ಬೇಲ್ ಸಿಗಲಿ ತಾಯಿ ಎಂದು ನಾನು ಹುಲಿಗೆಮ್ಮನನ್ನು ಬೇಡದ ಮಂಗಳವಾರವಿಲ್ಲ. ಈಗ ಸಿಕ್ಕಿದೆ. ಸಿಕ್ಕ ಮೇಲೆ ಹೆಂಡತಿ ಬರಬೇಡ ಎನ್ನುತ್ತಾಳೆ. ಯಾವ ಗಂಡಸಿಗಾದರೂ ಏನು ಹೊಳೆಯುತ್ತದೆ ಎಂದು ನನಗೆ ಗೊತ್ತಿಲ್ಲವೇ? ಅದರಲ್ಲೂ ನಿಮಗೆ. ಹೋದ ತಿಂಗಳು ಜಾಲರಿಯ ಆಚೆ ನಿಂತು, ಕೂಸಿನ ಮುಖ ಕೂಡ ಸರಿಯಾಗಿ ನೋಡದೆ, "ಮನಿಗೆ ಅಕ್ಕಿ ಚೀಲ ಹೊತ್ಕಂಡ್ ಬರಾವ ಯಾರು? ಒಳಗ ಬಂದು ಕುಂದರ್ತಾನೇನು?" ಎಂದು ಕೇಳಿದಿರಲ್ಲ, ಆ ಮಾತಿಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಮಗಳನ್ನು ಎತ್ತಿಕೊಂಡು ಬಂದುಬಿಟ್ಟೆ. ಬಸ್ಸು ತೋರಣಗಲ್ಲು ದಾಟುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಈಗ ಕೊಡುತ್ತೇನೆ ಉತ್ತರ. ಚೀಲ ತರುವವನು ನಿಮ್ಮ ಮರಳಿನ ಸಾಹುಕಾರ ಕನಕರಾಜ್ ಅಣ್ಣನ ಆಳು, ಹಲ್ಲಿಲ್ಲದ ಮುದುಕ. ಬಾಗಿಲಲ್ಲಿ ಇಳಿಸಿ, ಬೀಡಿ ಹಚ್ಚಿಕೊಂಡು ಹೋಗುತ್ತಾನೆ. ಅವನು ಒಳಗೆ ಬಂದರೂ ನಿಮ್ಮ ತಾಯಿ ಎರ್ರೆಮ್ಮ ಅತ್ತೆ ಹೊರಸಿನ ಮೇಲೆ ಹದ್ದಿನ ಹಾಗೆ ಕೂತಿರುತ್ತಾರೆ. ಸಮಾಧಾನವಾಯಿತೇ? ಥೂ, ಇದನ್ನೂ ಬರೆದು ಹೇಳಬೇಕಾಯಿತಲ್ಲ ನನ್ನ ಹಣೆಬರಹ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಗೆ ಹಾಕಿದರೆ ನಾಲ್ಕು ಕೈ ದಾಟಿ ನಿಮಗೆ ಬರುತ್ತದೆ, ಆ ನಾಲ್ಕರಲ್ಲಿ ಯಾವ ಕೈ ಯಾರದೋ. ಬಡವರಿಗೆ ಪುಕ್ಕಟೆ ಕೇಸು ನೋಡುವ ವಕೀಲೆ ಶಾಂಭವಿ ಮೇಡಂ ಗುರುವಾರ ಜೈಲಿಗೆ ಬರುತ್ತಾರಂತೆ. ಅನ್ನದ ಅಗುಳಿನಿಂದ ಲಕೋಟೆ ಅಂಟಿಸಿ ಅವರ ಕೈಗೆ ಕೊಡುತ್ತೇನೆ. ಓದಿ ಅವರಿಗೇ ವಾಪಸ್ ಕೊಡಿ. ಹಾಸಿಗೆಯ ಕೆಳಗೆ ಇಟ್ಟುಕೊಂಡು ರಾತ್ರಿ ಮತ್ತೊಮ್ಮೆ ಓದೋಣ ಎಂದೆಲ್ಲ ಆಸೆಪಡಬೇಡಿ.

ಈಗ ಭಾನುವಾರ ಏನಾಯಿತು ಎಂದು ಹೇಳುತ್ತೇನೆ.

ಸಂಜೆ ಕನಕರಾಜ್ ಅಣ್ಣ ತಾನೇ ಮನೆಗೆ ಬಂದ. ಎಂದೂ ಕಾರಿನಿಂದ ಇಳಿಯದವನು ಇಳಿದು, ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದ. ಅತ್ತೆಗೆ ಕೈಕಾಲು ಆಡಲಿಲ್ಲ. "ಬರ್ರೀ ಯಪ್ಪಾ, ಕುಂದ್ರಿ, ಬಡವರ ಮನಿ" ಎಂದು ಸೀರೆಯ ಸೆರಗಿನಿಂದ ಕುರ್ಚಿ ಒರೆಸಿದರು. ಅವನು ಕೂರಲಿಲ್ಲ. ಕೈಯಲ್ಲಿ ಒಂದು ಬಟ್ಟೆ ಅಂಗಡಿಯ ಕವರ್ ಇತ್ತು. ಅದನ್ನು ನನಗೆ ಕೊಟ್ಟು, "ಬೇಲ್ ಆತವ್ವ ತಂಗಿ. ಶುಕ್ರವಾರ ಬಿಡ್ತಾರ. ಶ್ರಾವಣ ಶುಕ್ರವಾರ, ಭಾಳ ಚೊಲೊ ದಿನ. ಹೊಸ ಅರಿವಿ ನಾನ ತಂದೀನಿ. ಮೊದಲ ತಂಬಿಗಿ ನೀರೂ ನಾನ ಹಾಕ್ತೀನಿ" ಎಂದ. ಆಮೇಲೆ ಬಾಗಿಲ ಕಡೆ ತಿರುಗಿ, ಕಾಲುವೆ ನೋಡಿ, "ಡ್ಯಾಂ ತುಂಬೈತಿ. ಕಾಲಿವಿಗೆ ಫುಲ್ ನೀರು ಬಿಟ್ಟಾರ" ಎಂದ. ಮಳೆಬೆಳೆಯ ಮಾತಾಡುವವರ ಹಾಗೆ ಅಂದ ಅಷ್ಟೇ. ನಾನು ಕೂಸನ್ನು ಬಾಗಿಲಿನಿಂದ ಈಚೆಗೆ ಎಳೆದುಕೊಂಡೆ.

ಹೋಗುವ ಮುಂಚೆ ಕೇಳಿದ: "ಅಂವ ನಿನ್ನ ಮುಂದ ಏನಾರ ಹೇಳ್ಯಾನೇನು? ಆವತ್ತಿನ ವಿಷಯ?"

ನಾನು ಪೆದ್ದಿಯ ಹಾಗೆ ನಕ್ಕೆ. "ಅವರು ನನಗೇನ್ ಹೇಳ್ತಾರಣ್ಣ. ಉಪ್ಪಿನಕಾಯಿ ತರಲಿಲ್ಲ ಅಂತ ಬೈತಾರ, ಅಷ್ಟ" ಎಂದೆ. ಅವನೂ ನಕ್ಕ. ಕೂಸಿನ ತಲೆ ಸವರಿ ಹೋದ. ಅವನ ಕಾರು ತಿರುವು ದಾಟಿದ ಮೇಲೆ ನಾನು ಮಗಳ ತಲೆಯನ್ನು ತಣ್ಣೀರಿನಿಂದ ತೊಳೆದೆ. ಯಾಕೆ ಹಾಗೆ ಮಾಡಿದೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ನಿಮಗೆ ಗೊತ್ತಿರುವುದನ್ನೇ ಈಗ ಮತ್ತೆ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಗೊತ್ತಿದೆ, ಆದರೆ ತಲೆಗೆ ಹೋಗಿಲ್ಲ.

ನಿಮ್ಮ ಹತ್ತಿರ ಹೆವಿ ಲೈಸೆನ್ಸ್ ಇತ್ತು. ತೋರಣಗಲ್ಲಿನಲ್ಲಿ ಕಂತ್ರಾಟು ಕೆಲಸಕ್ಕೆ ಹೋದಾಗ ಕಂತ್ರಾಟುದಾರನ ಗುಮಾಸ್ತ ಆಧಾರ್ ಕಾರ್ಡು ನೋಡಿ, "ಕಾಲಿವಿ ದಂಡಿ ಕೇರ್ಯಾಗಿನಾವನಾ?" ಎಂದು ಕಾರ್ಡನ್ನು ಹಿಂದಕ್ಕೆ ತಳ್ಳಿದ್ದನ್ನು ನೀವೇ ಬಂದು ಹೇಳಿ ಗೋಡೆಗೆ ಗುದ್ದಿದಿರಿ. ಗೋಡೆ ಬಿರುಕು ಬಿಟ್ಟಿದ್ದು ಇನ್ನೂ ಇದೆ. ನಮ್ಮ ಕೇರಿಯ ಹೆಸರು ಹೇಳಿದರೆ ಬ್ಯಾಂಕಿನವನು ಮೇಲೆ ಕೆಳಗೆ ನೋಡುತ್ತಾನೆ, ಹೆಣ್ಣು ಕೊಡುವವರು ಊಟ ಮಾಡದೆ ಏಳುತ್ತಾರೆ. ನಮಗೆ ಕೆಲಸ ಕೊಡುವವನು ಕನಕರಾಜ್ ಅಣ್ಣ ಒಬ್ಬನೇ. ಕೆಲಸವನ್ನೂ ಅವನೇ ಕೊಡುತ್ತಾನೆ, ಕೇಸನ್ನೂ ಅವನೇ ಕೊಡುತ್ತಾನೆ, ಕೊನೆಗೆ ಜಾಮೀನನ್ನೂ ಅವನೇ ಕೊಡುತ್ತಾನೆ. ಅವನ ಮನೆಯವರ ಮೇಲೆ ಬರುವ ಕೇಸನ್ನು ನಮ್ಮವನೊಬ್ಬ ತನ್ನ ತಲೆಗೆ ಹೊತ್ತುಕೊಂಡು ಹೋಗುತ್ತಾನೆ, ಅವನು ಬರುವವರೆಗೆ ಮನೆಗೆ ಅಕ್ಕಿ ಎಣ್ಣೆ ಬರುತ್ತದೆ. ಜೈಲಿಗೆ ಹೋದ ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ. "ಬಳ್ಳಾರಿಗೆ ಹೋಗ್ಯಾನ" ಎನ್ನುತ್ತೇವೆ, ಸಂತೆಗೆ ಹೋದವರ ಹಾಗೆ.

ಕಂಪ್ಲಿ ರಸ್ತೆಯಲ್ಲಿ ಕೊಟ್ರಯ್ಯನ ಮೇಲೆ ಮರಳಿನ ಟಿಪ್ಪರ್ ಹರಿದ ಆ ಬೆಳಿಗ್ಗೆ ನೀವು ಎಲ್ಲಿದ್ದಿರಿ? ಮನೆಯಲ್ಲಿ. ಆಗ ನಾನು ತುಂಬಿದ ಬಸುರಿ, ಕಾಲು ಬಾತಿತ್ತು. ನೀವು ಹರಳೆಣ್ಣೆ ಕಾಯಿಸಿ ನನ್ನ ಪಾದ ತಿಕ್ಕುತ್ತಾ ಕೂತಿದ್ದಿರಿ. ಆಗ ಅವನು ಬಂದ. "ಸಣ್ಣ ಆಕ್ಸಿಡೆಂಟ್ ಕೇಸು. ಓಡಿಸಿದಾವ ನಮ್ಮ ಅಕ್ಕನ ಮಗ, ಲೈಸೆನ್ಸ್ ಇಲ್ಲ. ನೀ ಓಡಿಸ್ತಿದ್ದೆ ಅಂತ ಹೇಳು. ಸಂಜಿಕ್ಕ ಬೇಲ್ ಮ್ಯಾಲ ಮನಿಗೆ ಬರ್ತಿ" ಎಂದ. ನೀವು ಎಣ್ಣೆ ಕೈಯನ್ನು ನನ್ನ ಸೀರೆಗೇ ಒರೆಸಿ, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟಿರಿ. ಹಂಪೇಶಣ್ಣನೂ ನಿಮ್ಮ ಜೊತೆ ಒಳಗೆ ಹೋದ. ಅವನು ಆ ಟಿಪ್ಪರಿನ ಕ್ಲೀನರ್, ಅವತ್ತು ನಿಜವಾಗಿಯೂ ಅದರಲ್ಲಿ ಕೂತಿದ್ದವನು.

ಸಂಜೆ ನೀವು ಬರಲಿಲ್ಲ. ಮರುದಿನವೂ ಬರಲಿಲ್ಲ. ಟಿಪ್ಪರ್ ಒಂದು ಸಲ ಹರಿದು, ಹಿಂದಕ್ಕೆ ಬಂದು, ಮತ್ತೆ ಹರಿದಿದೆ ಎಂದು ಗುರುತು ಸಿಕ್ಕಿತು. ಕೊಟ್ರಯ್ಯ ನದಿ ದಂಡೆಯ ತನ್ನ ಗದ್ದೆ ಕುಸಿಯುತ್ತಿದೆ, ಮರಳು ತುಂಬಬೇಡಿ ಎಂದು ಅರ್ಜಿ ಹಾಕಿದ್ದನಂತೆ, ಟಿಪ್ಪರುಗಳ ವಿಡಿಯೋ ಮಾಡಿದ್ದನಂತೆ. ಆಕ್ಸಿಡೆಂಟ್ ಹೋಗಿ ಕೊಲೆ ಆಯಿತು. ನೀವು ಹೊತ್ತದ್ದು ಬುಟ್ಟಿ ಮರಳು ಎಂದುಕೊಂಡಿದ್ದಿರಿ, ಕೆಳಗೆ ಹೆಣ ಇತ್ತು.

ಹೋದ ವಾರ ಕೇಸಿನ ವಾಯಿದೆಗೆ ಹೋದಾಗ ಹೊಸಪೇಟೆ ಕೋರ್ಟಿನ ವರಾಂಡದಲ್ಲಿ ಕೊಟ್ರಯ್ಯನ ಹೆಂಡತಿ ಹೇಮಾವತಿ ಕೂತಿದ್ದಳು. ನೀವು ವಿಡಿಯೋದಲ್ಲಿ ಬಂದು ಹೋದಿರಿ, ಒಂದು ನಿಮಿಷವೂ ಇಲ್ಲ. ಹೊರಗೆ ಬಂದಾಗ ಆಕೆ ನನ್ನ ಕೂಸನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಜಾಗ ಸರಿದು, "ಕುಂದ್ರವ್ವ, ಕೂಸು ಐತಿ" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೊಂದವನು ಅವಳ ಊರಿನ ರಸ್ತೆಯಲ್ಲೇ ಇವತ್ತಿಗೂ ಬುಲೆಟ್ ಓಡಿಸಿಕೊಂಡು ತಿರುಗುತ್ತಾನೆ.

ಈಗ ಹಂಪೇಶಣ್ಣನ ವಿಷಯಕ್ಕೆ ಬರುತ್ತೇನೆ. ನಿಮಗೆ ಗೊತ್ತಿರುವುದು ಇಷ್ಟು. ಆಷಾಢದಲ್ಲಿ ಕನಕರಾಜ್ ಅಣ್ಣನೇ ಜಾಮೀನು ಕೊಟ್ಟು ಅವನನ್ನು ನಿಮಗಿಂತ ಮೊದಲು ಬಿಡಿಸಿದ. ಬಿಟ್ಟ ದಿನವೇ ಅವನು ಕಾಲುವೆಯಲ್ಲಿ ಸತ್ತ. ಖುಷಿಗೆ ಕುಡಿದಿದ್ದ, ಜಳಕಕ್ಕೆ ಇಳಿದ, ಕಾಲು ಜಾರಿತು. ನೀವೂ ಜಾಲರಿಯ ಆಚೆಯಿಂದ, "ಮೊದಲಿಂದಾನೂ ಕುಡುಕ ಅಂವ" ಎಂದಿರಿ. ನಾನೂ ಹೌದು ಎಂದೆ. ಇಡೀ ಕೇರಿ ಹೌದು ಎಂದಿತು.

ನಮ್ಮ ಪದ್ಧತಿ ನಿಮಗೆ ಹೇಳಬೇಕಿಲ್ಲ, ಆದರೂ ಒಂದೊಂದೇ ಹೆಜ್ಜೆ ಮನಸ್ಸಿನಲ್ಲಿ ಇಟ್ಟುಕೊಂಡು ಓದಿ. ಬಳ್ಳಾರಿಯಿಂದ ಬಂದವನು ನೇರವಾಗಿ ಹೊಸ್ತಿಲು ತುಳಿಯುವಂತಿಲ್ಲ. ಕಾಲುವೆಯ ಮೆಟ್ಟಿಲಿಗೆ ಹೋಗಬೇಕು. ಜಾಮೀನು ಕೊಟ್ಟವನು ಮೊದಲ ತಂಬಿಗೆ ನೀರು ತಲೆಗೆ ಹಾಕಬೇಕು. ಮನೆಯ ಹೆಂಗಸು ಹೊಸ ಬಟ್ಟೆ, ಹೊಸ ಉಡದಾರ ಮೆಟ್ಟಿಲ ಮೇಲಿಟ್ಟು ತಿರುಗಿ ನೋಡದೆ ಮನೆಗೆ ಬಂದು ಆರತಿ ಹಚ್ಚಿಕೊಂಡು ಕಾಯಬೇಕು. ಜೈಲಿನ ಮೈಲಿಗೆ ಇಳಿಯುವುದನ್ನು ಮನೆಯವರು ನೋಡಬಾರದು. ಅವನು ಜಳಕ ಮುಗಿಸಿ, ಹಳೆಯ ಬಟ್ಟೆ ನೀರಿಗೆ ಬಿಟ್ಟು, ಮೈ ಒರೆಸಿ, ಹೊಸದು ಉಟ್ಟು ಬರಬೇಕು. ಹಂಪೇಶಣ್ಣನ ತಾಯಿ ಉಚ್ಚೆಂಗಮ್ಮ ಹಾಗೆಯೇ ಬಟ್ಟೆ ಇಟ್ಟು ಬಂದಳು, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಸಂಜೆ ತೂಬಿನ ಹತ್ತಿರ ಹೆಣ ಸಿಕ್ಕಿತು.

ನಿನ್ನೆ ಉಚ್ಚೆಂಗಮ್ಮ ಮಜ್ಜಿಗೆ ಕೇಳಲು ನಮ್ಮ ಮನೆಗೆ ಬಂದಿದ್ದಳು. ಅತ್ತೆ ಹೋಳಿಗೆಗೆ ಬೆಲ್ಲ ತರಲು ಹೋಗಿದ್ದರು. ಗೂಟಕ್ಕೆ ನೇತುಹಾಕಿದ್ದ ನಿಮ್ಮ ಹೊಸ ಅಂಗಿಯನ್ನು ನೋಡಿದ ಕೂಡಲೆ ಮುದುಕಿ ಹತ್ತಿರ ಹೋಗಿ ಅದರ ತೋಳು ಹಿಡಿದು ನೋಡಿದಳು. ಆಕಾಶ ನೀಲಿ ಬಣ್ಣ, ಸಣ್ಣ ಬಿಳಿ ಗೆರೆ. "ಇದನ್ನ ಅಂವ ಕೊಟ್ನಾ?" ಎಂದಳು. ಹೌದು ಎಂದೆ. "ನನ್ನ ಮಗಗೂ ಇಂಥಾದ್ನ ಕೊಟ್ಟಿದ್ದ" ಎಂದಳು.

ಆಮೇಲೆ ಬಾಗಿಲು ಮುಂದೆ ಮಾಡಿ, ನನ್ನ ಕೈ ಹಿಡಿದುಕೊಂಡು ಹೇಳಿದಳು. ಹೆಣದ ಕೊನೆಯ ಜಳಕಕ್ಕೆ ಬಟ್ಟೆ ಬಿಚ್ಚಿದವಳು ಅವಳೇ. ಮೈ ಮೇಲೆ ಹೊಸ ಅಂಗಿ ಇತ್ತು. ಕೊರಳಿನಿಂದ ಕೆಳಗಿನವರೆಗೆ ಗುಂಡಿ ಹಾಕಿತ್ತು. ಒಳಗೆ ಹೊಸ ಬನಿಯನ್, ಸೊಂಟಕ್ಕೆ ಹೊಸ ಉಡದಾರ. "ಜಳಕ ಮಾಡಾವ ಅಂಗಿ ಗುಂಡಿ ಹಾಕ್ಕಂಡು ನೀರಿಗೆ ಇಳಿತಾನೇನಬೇ ಗಂಗೋತ್ರಿ? ನನ್ನ ಮಗ ಜಳಕ ಮುಗಿಸಿದ್ದ. ಮನಿಗೆ ಬರಾಕ ತಯಾರಾಗಿ ನಿಂತಿದ್ದ" ಎಂದಳು. ಅಳಲಿಲ್ಲ. ಮಜ್ಜಿಗೆ ಚೊಂಬು ಎತ್ತಿಕೊಂಡು, "ನಾ ಹೇಳಿದೆ ಅಂತ ಹೇಳಬ್ಯಾಡ. ನನ್ನ ಸಣ್ಣ ಮಗ ಅವನ ಟಿಪ್ಪರ್ ಮ್ಯಾಲ ಕೆಲಸಕ್ಕ ಅದಾನ" ಎಂದು ಹೋದಳು.

ಮೆಟ್ಟಿಲ ಮೇಲೆ ಆಗ ಇದ್ದವರು ಯಾರು? ಮೊದಲ ತಂಬಿಗೆ ಹಾಕಿದವನು, ಅವನ ಅಕ್ಕನ ಮಗ, ಇಬ್ಬರು ಆಳುಗಳು. ಮನೆಯವರು ಯಾರೂ ಇರುವಂತಿಲ್ಲ, ಪದ್ಧತಿ. ಎಂಥ ಅನುಕೂಲದ ಪದ್ಧತಿ ನೋಡಿ. ಟಿಪ್ಪರ್ ಓಡಿಸಿದವನು ಯಾರು ಎಂದು ಕೋರ್ಟಿನಲ್ಲಿ ಹೇಳಬಲ್ಲವರು ಇದ್ದದ್ದೇ ಇಬ್ಬರು, ಹಂಪೇಶಣ್ಣ ಮತ್ತು ನೀವು. ವಿಚಾರಣೆ ಶುರುವಾಗುವ ಹೊತ್ತು ಬಂತು. ಇನ್ನು ಉಳಿದವರು ನೀವೊಬ್ಬರು. ನಿಮ್ಮ ಅಂಗಿ ಈಗಾಗಲೇ ಗೂಟದಲ್ಲಿ ನೇತಾಡುತ್ತಿದೆ. ಗಾಳಿ ಬಂದಾಗ ತೋಳು ಅಲ್ಲಾಡುತ್ತದೆ, ಮಗಳು ಅದನ್ನೇ ನೀವು ಎಂದುಕೊಂಡು "ಅಪ್ಪ" ಎಂದು ಕೈ ಚಾಚುತ್ತಾಳೆ. ನನಗೆ ಆ ಅಂಗಿಯನ್ನು ಒಲೆಗೆ ಹಾಕಬೇಕು ಅನ್ನಿಸುತ್ತದೆ. ಹಾಕಿದರೆ ಅವನಿಗೆ ಗೊತ್ತಾಗುತ್ತದೆ.

ಪೊಲೀಸರಿಗೆ ಹೇಳು ಎನ್ನುತ್ತೀರೇನೋ. ಏನೆಂದು ಹೇಳಲಿ? ಮುದುಕಿ ಸಾಕ್ಷಿ ಹೇಳುವುದಿಲ್ಲ. ಹೆಣ ಸುಟ್ಟಾಗಿದೆ. ಕೊಂದವನು ನಾನೇ, ಗಾಡಿ ಓಡಿಸಿದ್ದು ನಾನೇ ಎಂದು ಬರೆದುಕೊಟ್ಟವರು ನೀವೇ. ನಿನ್ನೆ ಸಂಜೆ ಶಾಂಭವಿ ಮೇಡಂ ಹತ್ತಿರ ಸುತ್ತಿ ಬಳಸಿ ಕೇಳಿದೆ, ನಮ್ಮ ಹೆಸರು ಹೇಳಲಿಲ್ಲ. ಅವರು ಹೇಳಿದ್ದು ಒಂದೇ ಮಾತು. ಹೆಂಡತಿ ಹೇಳಿದರೆ ಆಗದು, ಆತನೇ ಬಾಯಿ ಬಿಡಬೇಕು, ಜಡ್ಜ್ ಎದುರು ಖುದ್ದಾಗಿ ನಿಂತಾಗ ಬಿಡಬೇಕು. ನಿಮ್ಮದೋ, ಪ್ರತಿ ವಾಯಿದೆಗೂ ವಿಡಿಯೋ. ನಿಮ್ಮ ವಕೀಲರೋ, ಕನಕರಾಜ್ ಅಣ್ಣ ಇಟ್ಟವರು. ಹೇಳುವುದಾದರೂ ಯಾವಾಗ, ಯಾರ ಮುಂದೆ?

ನಮ್ಮ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರಿಗೆ ಈಗ ವಕೀಲರಿಗಿಂತ ಹೆಚ್ಚು ಕಾನೂನು ಗೊತ್ತು. ಯಾವ ಸೆಕ್ಷನ್ನಿಗೆ ಬೇಲ್ ಇದೆ, ಯಾವುದಕ್ಕಿಲ್ಲ, ಬಳ್ಳಾರಿಗೆ ಯಾವ ಬಸ್ಸಿಗೆ ಹೋದರೆ ಸಂದರ್ಶನದ ಚೀಟಿ ಸಿಗುತ್ತದೆ, ಎಲ್ಲ ಬಾಯಿಪಾಠ. ಇವತ್ತು ಬೆಳಿಗ್ಗೆ ದುರ್ಗಕ್ಕ ತನ್ನ ಮಗನ ಗೋಳು ಹೇಳಿಕೊಳ್ಳುತ್ತಿದ್ದಳು. ಅವನ ಮೇಲೆ ಬೈಕ್ ಕದ್ದ ಕೇಸುಗಳು ಸಾಲಾಗಿವೆಯಲ್ಲ. "ಒಂದ್ರಾಗ ಬೇಲ್ ಸಿಕ್ಕು ಏನ್ ಮಾಡೂದವ್ವ? ಇನ್ನೊಂದ್ರದು ಬಾಡಿ ವಾರಂಟ್ ಬಂದು ಗೇಟಿನ್ಯಾಗ ಕುಂತಿರತೈತಿ. ಬಿಡಂಗಿಲ್ಲ. ಸೀದಾ ಜೀಪ್ ಹತ್ತಿಸಿ ಜಡ್ಜ್ ಮುಂದ ನಿಲ್ಲಸ್ತಾರ, ಮತ್ತ ಒಳಗ" ಎಂದಳು. ಎಲ್ಲರೂ ಲೊಚಗುಟ್ಟಿದರು. ನಾನೂ ಲೊಚಗುಟ್ಟಿ, ಕೊಡ ತುಂಬಿದ್ದು ಗೊತ್ತಾಗದೆ ಹಾಗೇ ನಿಂತಿದ್ದೆ. ನೀರು ಕಾಲ ಮೇಲೆ ಹರಿಯಿತು.

ಅತ್ತೆಗೆ ಏನೂ ಹೇಳಿಲ್ಲ. ಹೇಳಿದರೆ ನಂಬುವುದಿಲ್ಲ, ನಂಬಿದರೆ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಅವರ ಪಾಲಿಗೆ ಕನಕರಾಜ್ ಅಣ್ಣ ದೇವರು. ಮಗ ಬರುತ್ತಾನೆ ಎಂದು ಮನೆ ಸಾರಿಸಿದ್ದಾರೆ, ಕಡಲೆಬೇಳೆ ಆರಿಸುತ್ತಾ ಹಾಡು ಹೇಳುತ್ತಾರೆ. ಮಧ್ಯೆ ನನ್ನ ಮುಖ ನೋಡಿ, "ಗಂಡ ಬರ್ತಾನಂದ್ರ ಯಾವಾಕೀರ ಮಾರಿ ಸಣ್ಣ ಮಾಡ್ತಾಳೇನ?" ಎನ್ನುತ್ತಾರೆ. ಅಲ್ಲೂ ಅದೇ ಸಂಶಯ. ತಾಯಿಗೆ ತಕ್ಕ ಮಗ.

ಈ ಪತ್ರವನ್ನು ನಾನು ರೊಟ್ಟಿ ಬಡಿಯುವ ಗಾದಿಲಿಂಗಪ್ಪನವರ ಖಾನಾವಳಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನದ ಊಟ ಮುಗಿದು, ಹಂಚು ಆರುತ್ತಿದೆ. ಹಂಚು ನೋಡಿದರೆ ನಿಮ್ಮದೇ ನೆನಪು. ಮದುವೆಯಾದ ಹೊಸತು, ಸುಡುವ ಹಂಚು ಜಾರಿ ನನ್ನ ಎಡಗೈ ಮೇಲೆ ಬಿತ್ತಲ್ಲ, ಮೊಣಕೈವರೆಗೂ ಚರ್ಮ ಎದ್ದಿತ್ತು. ಆಟೋ ಸಿಗದೆ ನನ್ನನ್ನು ಬೆನ್ನ ಮೇಲೆ ಹೊತ್ತು ಸರ್ಕಾರಿ ಆಸ್ಪತ್ರೆಗೆ ಓಡಿದಿರಿ. ದಾರಿಯಲ್ಲಿ ನಾನು ಅತ್ತಿದ್ದಕ್ಕಿಂತ ನೀವು ಅತ್ತದ್ದೇ ಹೆಚ್ಚು. ಗಾಯ ಮಾಯುವವರೆಗೆ ನೀವೇ ರೊಟ್ಟಿ ಬಡಿದಿರಿ, ಒಂದೊಂದು ರೊಟ್ಟಿ ಒಂದೊಂದು ಸಗಣಿ ಕುಳ್ಳು. ಅತ್ತೆ "ಎಮ್ಮಿಗೆ ಹಾಕಬೇಕು ಇವನ್ನ" ಎಂದು ನಕ್ಕಿದ್ದರು. ಅದನ್ನೇ ಮುರಿದು ಸಾರಿನಲ್ಲಿ ನೆನೆಸಿ ನನ್ನ ಬಾಯಿಗೆ ಇಡುತ್ತಿದ್ದಿರಿ. ನನ್ನ ಹುಟ್ಟಿದ ಮನೆಯಲ್ಲಿ ನನಗೆ ಯಾರೂ ಹಾಗೆ ಉಣಿಸಿರಲಿಲ್ಲ. ಅಂಥ ಗಂಡನನ್ನು ಬಿಟ್ಟು ನಾನು ಬೇರೆಯವನ ಮುಖ ನೋಡುತ್ತೇನೆಯೇ? ಹುಚ್ಚಪ್ಪ. ಆ ಗಾಯದ ಗುರುತು ಈಗಲೂ ಕಪ್ಪಗೆ ಹೊಳೆಯುತ್ತದೆ. ಅದರ ಮೇಲೆ ಕಾಗದ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ನಿಮ್ಮ ಮಗಳು ನಡೆಯುತ್ತಾಳೆ. ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಹಾಕಿ, ತಾನೇ ಚಪ್ಪಾಳೆ ತಟ್ಟಿಕೊಂಡು ಬೀಳುತ್ತಾಳೆ. ನಿಮ್ಮ ಹಾಗೆ ಹಟ. ಅವಳಿಗೆ ಅಪ್ಪ ಬೇಕು. ಜಾಲರಿಯ ಆಚೆಯಾದರೂ ಸರಿ, ಉಸಿರಾಡುವ ಅಪ್ಪ ಬೇಕು. ಗೋಡೆಯ ಮೇಲೆ ಹಾರ ಹಾಕಿದ ಅಪ್ಪ ಬೇಡ. ಕಾಲುವೆ ದಂಡೆಯ ಮನೆಗಳಲ್ಲಿ ಅಂಥ ಫೋಟೋಗಳು ಸಾಕಷ್ಟಿವೆ.

ಸಹಿ ಮಾಡಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಮಾಡಬೇಡಿ.

ಉಳಿದ ಸಿಟ್ಟನ್ನೆಲ್ಲ ಎದುರಿಗೆ ಸಿಕ್ಕಾಗ ತೀರಿಸಿಕೊಳ್ಳಲು ಇಟ್ಟುಕೊಂಡಿರುವ,
ನಿಮ್ಮ
ಗಂಗೋತ್ರಿ

ಮತ್ತೆ ಸೇರಿಸಿದ್ದು, ಬುಧವಾರ ಸಂಜೆ:

ಮೇಲಿನದೆಲ್ಲ ನಿನ್ನೆಯದು. ಬರೆದು ಮಡಿಚಿದ ಮೇಲೆ ಯೋಚಿಸಿದೆ. ಇಷ್ಟು ಬೇಡಿಕೊಂಡರೂ ನೀವು ಸಹಿ ಮಾಡೇ ಮಾಡುತ್ತೀರಿ. ಅರ್ಧ ಕೂಸನ್ನು ಎತ್ತಿಕೊಳ್ಳುವ ಆಸೆಗೆ, ಇನ್ನರ್ಧ ಮನೆಯಲ್ಲಿ ಯಾರಿದ್ದಾರೆ ನೋಡೇ ಬಿಡೋಣ ಎಂಬ ಹಟಕ್ಕೆ. ನಿಮ್ಮನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅದಕ್ಕೆ ಇವತ್ತು ಬೆಳಿಗ್ಗೆ ದುರ್ಗಕ್ಕನನ್ನು ಕರೆದುಕೊಂಡು ಠಾಣೆಗೆ ಹೋದೆ. ನಿಮ್ಮ ಮೇಲೆ ಕೇಸು ಹಾಕಿ ಬಂದೆ.

ಎಡಗೈ ತೋರಿಸಿದೆ. ವರದಕ್ಷಿಣೆಗಾಗಿ ಗಂಡ ಕಾದ ಹಂಚಿನಿಂದ ಸುಟ್ಟ, ಕೊಲ್ಲಲು ನೋಡಿದ, ಈಗ ಬೇಲ್ ಮೇಲೆ ಬರುತ್ತಿದ್ದಾನೆ, ಬಂದರೆ ನನ್ನನ್ನೂ ಕೂಸನ್ನೂ ಬಿಡುವುದಿಲ್ಲ ಎಂದು ಬರೆಸಿದೆ. ದುರ್ಗಕ್ಕ ಕಣ್ಣಾರೆ ಕಂಡೆ ಎಂದು ಹೆಬ್ಬೆಟ್ಟು ಒತ್ತಿದಳು. ಅಲ್ಲಿರುವ ಹೆಣ್ಣು ಎಸ್‌ಐ ಊರಿಗೆ ಹೊಸಬರು, ಕನಕರಾಜ್ ಅಣ್ಣನ ಮನೆಯ ಚಹಾ ಇನ್ನೂ ಕುಡಿದಿಲ್ಲ. ನನ್ನ ಕೈ ಹಿಡಿದು ನೋಡಿ ಅವರ ಕಣ್ಣಲ್ಲಿ ನೀರು ಬಂತು. ಪಾಪ, ನನಗೆ ಅವರ ಮುಖ ನೋಡಲಾಗಲಿಲ್ಲ. ಕೋರ್ಟಿನಿಂದ ಬಾಡಿ ವಾರಂಟ್ ನಾಳೆಯೇ ಜೈಲಿಗೆ ಹೋಗುತ್ತದೆ ಎಂದರು. ನೀವು ಸಹಿ ಮಾಡಿದರೂ ಶುಕ್ರವಾರ ಗೇಟು ತೆರೆಯುವುದಿಲ್ಲ.

ಗಂಡನ ಹೆಸರೇನು ಎಂದು ರೈಟರ್ ಕೇಳಿದ. ಮದುವೆಯ ದಿನ ಎಲ್ಲರೂ ಅಡ್ಡಗಟ್ಟಿದಾಗ ಒಡಪಿನಲ್ಲಿ ಸೇರಿಸಿ ಹೇಳಿದ್ದೆನಲ್ಲ, "ಕಬ್ಬಿನ ಗದ್ದಿಗೆ ಕಾಲಿವಿ ನೀರು, ಮಲ್ಲಿಕಾರ್ಜುನನ ಹೆಸರು ಹೇಳಾಕ ನಾನ್ಯಾರು" ಎಂದು. ಆಮೇಲೆ ಇವತ್ತಿನವರೆಗೆ ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಇವತ್ತು ಒಡಪಿಲ್ಲದೆ, ಆರೋಪಿ ಎಂದು ಹೇಳಿದೆ. ನಾಲಿಗೆ ಸೇದಿಹೋದ ಹಾಗಾಯಿತು.

ಸುದ್ದಿ ಮಧ್ಯಾಹ್ನಕ್ಕೇ ಕೇರಿಗೆ ಬಂತು. ಅತ್ತೆ ಹೋಳಿಗೆಯ ಹೂರಣವನ್ನು ನನ್ನ ಮೇಲೆ ಎಸೆದು, "ನನ್ನ ಮಗನ ಅನ್ನ ತಿಂದ ನಾಯಿ" ಎಂದು ಹೊರಗೆ ದಬ್ಬಿದರು. ಕೂಸಿನ ಜೊತೆ ದುರ್ಗಕ್ಕನ ಮನೆಯಲ್ಲಿದ್ದೇನೆ. ಕನಕರಾಜ್ ಅಣ್ಣ ಕಾರಿನಲ್ಲೇ ಕೂತು ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಉಗುಳಿ ಹೋದ. ಹಾಳು ಹೆಂಗಸು, ಗಂಡ ಬೇಡವಾಗಿದ್ದಾನೆ ಎಂದುಕೊಂಡ. ಅಂದುಕೊಳ್ಳಲಿ. ಹಾಗೆ ಅಂದುಕೊಂಡಷ್ಟು ದಿನ ನಾನೂ ಬದುಕಿರುತ್ತೇನೆ.

ಈಗ ಸರಿಯಾಗಿ ಕೇಳಿ. ಹೊಸ ಕೇಸಿನಲ್ಲಿ ನಿಮ್ಮನ್ನು ವಿಡಿಯೋದಲ್ಲಿ ಅಲ್ಲ, ಜೀಪಿನಲ್ಲಿ ತಂದು ಹೊಸಪೇಟೆಯ ಜಡ್ಜ್ ಎದುರು ನಿಲ್ಲಿಸುತ್ತಾರೆ. ಈ ಕೇಸಿಗೆ ಕನಕರಾಜ್ ಅಣ್ಣನ ವಕೀಲರಿಲ್ಲ. ಏನಾದರೂ ಹೇಳುವುದಿದೆಯೇ ಎಂದು ಜಡ್ಜ್ ಕೇಳುತ್ತಾರೆ. ಮೊದಲು ನನ್ನನ್ನು ಸುಳ್ಳಿ ಎನ್ನಿ, ಹಂಚು ತಾನಾಗಿ ಬಿದ್ದದ್ದು ಎನ್ನಿ. ಅದರ ಬೆನ್ನಿಗೇ ಟಿಪ್ಪರ್ ಓಡಿಸಿದವನು ಯಾರು, ನಿಮ್ಮನ್ನು ಮನೆಯಿಂದ ಕರೆದುಕೊಂಡು ಹೋದವನು ಯಾರು, ಹಂಪೇಶಣ್ಣನ ಮೈ ಮೇಲೆ ಯಾವ ಅಂಗಿ ಇತ್ತು, ಎಲ್ಲ ಹೇಳಿ. ಹೆದರಬೇಡಿ. ಸುಳ್ಳು ಕೇಸಿಗೆ ನನ್ನನ್ನು ಒಳಗೆ ಹಾಕಿದರೆ ಹಾಕಲಿ, ನಮ್ಮ ಕೇರಿಯಿಂದ ಬಳ್ಳಾರಿಗೆ ಹೋದವರಲ್ಲಿ ನಾನೂ ಒಬ್ಬಳಾಗುತ್ತೇನೆ.

ಈ ಹಾಳೆಯನ್ನು ಮಾತ್ರ ಮೇಡಂಗೆ ವಾಪಸ್ ಕೊಡಬೇಡಿ, ಅವರಿಗೆ ಇದು ಗೊತ್ತಿಲ್ಲ. ಹರಿದು ಬಾಯಿಗೆ ಹಾಕಿ ನುಂಗಿಬಿಡಿ. ನೀವು ಬಡಿದ ರೊಟ್ಟಿಗಿಂತ ಮೆತ್ತಗಿದೆ.

ಒಂದಲ್ಲ ಒಂದು ದಿನ ನೀವು ಬಂದೇ ಬರುತ್ತೀರಿ. ಅವತ್ತು ಕಾಲುವೆಗಲ್ಲ, ನಲ್ಲಿಯ ಹತ್ತಿರ ಎಲ್ಲರೆದುರು ಕೂರಿಸಿ ಮೊದಲ ತಂಬಿಗೆ ನೀರು ನಾನೇ ಹಾಕುತ್ತೇನೆ, ಯಾವ ಪದ್ಧತಿ ಅಡ್ಡ ಬರುತ್ತದೋ ನೋಡುತ್ತೇನೆ. ಅಲ್ಲಿಯವರೆಗೆ ನನ್ನನ್ನು ಬೈದುಕೊಂಡೇ ಇರಿ, ಬದುಕಿರಿ. ಕೋರ್ಟಿನ ದಿನ ನಾನು ಆಚೆ ಬದಿಗೆ ಪೊಲೀಸರ ಹತ್ತಿರ ನಿಂತಿರುತ್ತೇನೆ. ನಿಮ್ಮ ಕಡೆ ನೋಡುವುದಿಲ್ಲ. ನೋಡಿದರೆ ಅತ್ತುಬಿಡುತ್ತೇನೆ, ನೀವು ಬಾಯಿ ಬಿಡುವ ಮೊದಲೇ ಕೇಸು ಬಿದ್ದುಹೋಗುತ್ತದೆ.